ಆ ಆಮೆಯನ್ನು ಬಿಟ್ಟುಕೊಡಿ

ವಿಶಾಖಪಟ್ಟಣಂ, ವಿಜಯವಾಡಗಳಲ್ಲಿ ನೆಲೆಸಿರುವ ಕನ್ನಡದ ಬಂಧುಗಳೇ, ನಿಮ್ಮಲ್ಲಿ ಕೆಲವರ ಮನೆಯಲ್ಲಿ ಒಂದು ಆಮೆ ಇರಬಹುದು. ಬಾಲ್ಕನಿಯ ಪ್ಲಾಸ್ಟಿಕ್ ಟಬ್ಬಿನಲ್ಲೋ, ಹಾಲಿನ ಮೂಲೆಯ ಗಾಜಿನ ತೊಟ್ಟಿಯಲ್ಲೋ, ದೇವರ ಕೋಣೆಯ ಹೊಸ್ತಿಲ ಬಳಿಯೋ ಇರಬಹುದು. ಕಪ್ಪು ಚಿಪ್ಪು, ಅದರ ಒಂದೊಂದು ಗುಬ್ಬಿನ ನೆತ್ತಿಯಿಂದ ಸುತ್ತಲೂ ಹರಡಿದ ಹಳದಿ ಗೆರೆಗಳು. ಸ್ನೇಹಿತರೊಬ್ಬರು ತಂದುಕೊಟ್ಟಿದ್ದು, ಮಗಳು ಹಟ ಹಿಡಿದು ತರಿಸಿದ್ದು, ಆಮೆ ಇದ್ದ ಮನೆಯಲ್ಲಿ ಲಕ್ಷ್ಮಿ ನಿಲ್ಲುತ್ತಾಳೆ ಎಂದು ಯಾರೋ ಹಿರಿಯರು ಹೇಳಿದ್ದಕ್ಕೆ ಕೊಂಡಿದ್ದು, ಹೀಗೆ ಅದು ಬಂದಿರಬಹುದು. ನೀವು ಅದನ್ನು ಅಕ್ಕರೆಯಿಂದಲೇ ಸಾಕುತ್ತಿದ್ದೀರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆ ಅಕ್ಕರೆಯನ್ನೇ ನಂಬಿಕೊಂಡು ಕೈಮುಗಿದು ಕೇಳುತ್ತಿದ್ದೇನೆ: ಅದನ್ನು ಬಿಟ್ಟುಕೊಡಿ. ಇನ್ನೂ ತಂದಿಲ್ಲವಾದರೆ ತರಬೇಡಿ. ತರಬೇಕೆಂದಿರುವವರನ್ನು ತಡೆಯಿರಿ.

ಆ ಆಮೆ ನಮ್ಮೂರಿನದು. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಗಡಿಯಾಚೆ ಮದನಪಲ್ಲಿ, ಚಿತ್ತೂರು, ಅನಂತಪುರ. ಕನ್ನಡವೂ ತೆಲುಗೂ ಒಂದೇ ಜಗಲಿಯಲ್ಲಿ ಕೂತು ಮಾತಾಡುವ ಈ ಬಂಡೆಗುಡ್ಡಗಳ ಸೀಮೆಯ ಕುರುಚಲು ಕಾಡು ಈ ನಕ್ಷತ್ರ ಆಮೆಯ ತವರು. ಗುಜರಾತು ರಾಜಸ್ಥಾನಗಳಲ್ಲೂ, ತಮಿಳುನಾಡಿನಲ್ಲೂ, ಶ್ರೀಲಂಕಾದಲ್ಲೂ ಅದರ ನೆಲೆಗಳಿವೆ. ಆದರೆ ಬೆಂಗಳೂರಿನಿಂದ ಪೂರ್ವದ ಕಡೆ ಹೋಗುವ ರೈಲಿನ ಚೀಲದಲ್ಲಿ ಸಿಗುವ ಆಮೆ ಬಹುಮಟ್ಟಿಗೆ ನಮ್ಮ ಈ ಗಡಿಸೀಮೆಯ ಮಣ್ಣಿನದೇ. ಅಂದರೆ ಪರಊರಿನಲ್ಲಿ ನಿಮ್ಮ ಬಾಲ್ಕನಿಗೆ ಬಂದು ಸೇರಿರುವುದು ನಿಮ್ಮದೇ ನೆರೆಹೊರೆಯ ಜೀವ.

ತವರಿನ ಕುರುಚಲು ಕಾಡಿನಲ್ಲಿ ಅದರ ಬದುಕು ಹೇಗಿರುತ್ತದೆ ಎಂದು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಆಮೆಗೆ ಎಂಥ ಮನೆ ಬೇಕು, ಎಂಥ ಊಟ ಬೇಕು ಎಂಬ ಪ್ರಶ್ನೆಗೆಲ್ಲ ಉತ್ತರ ಆ ನೆಲದಲ್ಲೇ ಇದೆ. ಮುಂಗಾರಿನ ಮೊದಲ ಹದಮಳೆ ಬಿದ್ದು ಬಂಡೆಯ ಸಂದುಗಳಲ್ಲಿ ಹುಲ್ಲು ಚಿಗುರಿದಾಗ ಆಮೆ ಚುರುಕಾಗುತ್ತದೆ. ಬೆಳಗಿನ ತಂಪಿನಲ್ಲೂ ಸಂಜೆ ಬಿಸಿಲು ಇಳಿದ ಮೇಲೂ ಪೊದೆಯಿಂದ ಹೊರಬಿದ್ದು ಮೇಯುತ್ತದೆ. ಹುಲ್ಲು, ನೆಲಕ್ಕೆ ಹಬ್ಬಿದ ಬಳ್ಳಿಯ ಎಲೆ, ಉದುರಿದ ಹೂವು, ಪಾಪಾಸುಕಳ್ಳಿಯ ಹಣ್ಣು ಅದರ ಆಹಾರ. ಬಿಸಿಲು ಏರಿದರೆ ಮತ್ತೆ ಪೊದೆ ಸೇರುತ್ತದೆ. ಬೇಸಿಗೆಯ ಒಣ ತಿಂಗಳುಗಳನ್ನು ಹೆಚ್ಚು ಅಲುಗಾಡದೆ ನೆರಳಿನಲ್ಲೇ ಕಳೆಯುತ್ತದೆ. ಮೊಟ್ಟೆಯಿಡುವ ಹೊತ್ತಿಗೆ ಹೆಣ್ಣು ಆಮೆ ಗಟ್ಟಿ ನೆಲವನ್ನು ತನ್ನ ಮೂತ್ರದಿಂದಲೇ ನೆನೆಸಿ ಮೆತ್ತಗೆ ಮಾಡಿ, ಹಿಂಗಾಲಿನಿಂದ ಗುಂಡಿ ತೋಡಿ, ಒಂದರಿಂದ ಹತ್ತರವರೆಗೆ ಮೊಟ್ಟೆಯಿಟ್ಟು ಮಣ್ಣು ಮುಚ್ಚುತ್ತದೆ. ಮರಿ ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬುದನ್ನು ಆ ಗುಂಡಿಯ ಬಿಸಿ ತೀರ್ಮಾನಿಸುತ್ತದೆ. ಮೊಟ್ಟೆಯೊಡೆದು ಬಂದ ಮರಿಗಳಲ್ಲಿ ಮುಂಗುಸಿಗೋ ಹದ್ದಿಗೋ ಆಹಾರವಾಗುವವು ಹಲವು. ಉಳಿದ ಹೆಣ್ಣುಮರಿ ತಾನು ತಾಯಾಗಲು ಹತ್ತಿರ ಹತ್ತಿರ ಒಂದು ದಶಕ ಕಾಯಬೇಕು. ಹಾಗೆ ಕಾದ ಆಮೆ ಮುಂದೆ ಹಲವು ದಶಕ ಬದುಕುತ್ತದೆ, ವರ್ಷವರ್ಷವೂ ಮೊಟ್ಟೆಯಿಡುತ್ತದೆ. ಇಂಥ ನಿಧಾನದ ಸಂತಾನದಲ್ಲಿ ಬೆಳೆದ ಒಂದು ಹೆಣ್ಣನ್ನು ಎತ್ತಿಕೊಂಡು ಹೋದರೆ ಆ ಗುಡ್ಡದ ನಷ್ಟ ಒಂದು ಆಮೆಯಷ್ಟಲ್ಲ.

ಒಂದಲ್ಲ ಎರಡಲ್ಲ, ಗೋಣಿಚೀಲ ತುಂಬಿಸಿ ಎತ್ತಿಕೊಂಡು ಹೋಗುತ್ತಾರೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಭಾರತದ ಒಂದೇ ಒಂದು ವ್ಯಾಪಾರ ನೆಲೆಯನ್ನು ಹಿಂಬಾಲಿಸಿ ನೋಡಿತು. ಒಂದು ವರ್ಷದಲ್ಲಿ ಅಲ್ಲಿಂದಲೇ ಕಡಿಮೆಯೆಂದರೂ 55,000 ನಕ್ಷತ್ರ ಆಮೆಗಳನ್ನು ಕಾಡಿನಿಂದ ಎತ್ತಲಾಗುತ್ತಿದೆ ಎಂಬುದು ಅದರ ಲೆಕ್ಕ. ಒಂದು ನೆಲೆ, ಒಂದು ವರ್ಷ. ಅದಾದ ಮರುವರ್ಷ, 2016ರಲ್ಲಿ, ಈ ಪ್ರಾಣಿಯನ್ನು ಅಳಿವಿನ ಅಪಾಯಕ್ಕೆ ಸಿಲುಕಿರುವವುಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. 2019ರಲ್ಲಿ ಜಿನೀವಾದಲ್ಲಿ ಸೇರಿದ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಸಮ್ಮೇಳನದಲ್ಲಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳು ಜೊತೆಗೂಡಿ ಒತ್ತಾಯಿಸಿದ ಮೇಲೆ ಅದು ಒಂದನೆಯ ಅನುಬಂಧಕ್ಕೆ ಏರಿತು. ಕಾಡಿನಿಂದ ಹಿಡಿದ ನಕ್ಷತ್ರ ಆಮೆಯನ್ನು ಲಾಭಕ್ಕಾಗಿ ದೇಶದಿಂದ ದೇಶಕ್ಕೆ ಸಾಗಿಸುವುದು ಅಲ್ಲಿಗೆ ಪೂರ್ತಿ ನಿಷಿದ್ಧವಾಯಿತು. ಕಾಗದದಲ್ಲಿ.

ಇನ್ನು ರೈಲಿನ ಮಾತು. ಬೆಂಗಳೂರಿನಿಂದ ಹೌರಾಕ್ಕೆ ಹೋಗುವ ಗಾಡಿ ಕಾಟ್ಪಾಡಿ, ರೇಣಿಗುಂಟ, ಗೂಡೂರು ದಾಟಿ ವಿಜಯವಾಡಕ್ಕೆ ಬರುತ್ತದೆ, ಅಲ್ಲಿಂದ ವಿಶಾಖಪಟ್ಟಣಂ, ಮುಂದೆ ಒಡಿಶಾ, ಬಂಗಾಳ. ಹಬ್ಬಕ್ಕೆ ಊರಿಗೆ ಹೋಗಿ ಬರಲು ನೀವು ಹತ್ತುವ ಗಾಡಿಯೇ ಇದು. 2018ರಲ್ಲಿ ವಿಶಾಖಪಟ್ಟಣಂನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದ ಅಧಿಕಾರಿಗಳು ಹೌರಾ ಕಡೆಯ ರೈಲಿನಿಂದ ಸಾವಿರಕ್ಕೂ ಹೆಚ್ಚು ನಕ್ಷತ್ರ ಆಮೆಗಳನ್ನು ವಶಪಡಿಸಿಕೊಂಡರು. ಬಟ್ಟೆಬರೆಯ ಚೀಲಗಳ ಹಾಗೆ ಕಾಣುವ ಚೀಲಗಳಲ್ಲಿ ಸಾವಿರ ಜೀವ. ಕಾಲು ಅಲುಗಾಡಿಸದಂತೆ ಟೇಪು ಸುತ್ತುತ್ತಾರೆ, ಬಟ್ಟೆಯಲ್ಲಿ ಬಿಗಿಯುತ್ತಾರೆ, ಒಂದರ ಮೇಲೊಂದು ಪೇರಿಸುತ್ತಾರೆ. ನೀರಿಲ್ಲ, ಮೇವಿಲ್ಲ. ತಳದಲ್ಲಿರುವ ಆಮೆಯ ಮೇಲೆ ಉಳಿದೆಲ್ಲದರ ಭಾರ ಮತ್ತು ಹೊಲಸು. ಈ ಪಯಣದಲ್ಲಿ ಸತ್ತವುಗಳ ಲೆಕ್ಕವನ್ನು ಕಳ್ಳಸಾಗಣೆದಾರ ಇಡುವುದಿಲ್ಲ. ಬದುಕಿ ಉಳಿದದ್ದಕ್ಕೆ ಬೆಲೆ ಹೆಚ್ಚಿಸಿ ನಷ್ಟ ತುಂಬಿಕೊಳ್ಳುತ್ತಾನೆ. ನಿಮ್ಮ ಮನೆಗೆ ಬಂದದ್ದು ಹಾಗೆ ಬದುಕಿ ಉಳಿದದ್ದು.

‘ನಾವು ದುಡ್ಡು ಕೊಟ್ಟದ್ದು ಅದನ್ನು ಅಂಗಡಿಯ ನರಕದಿಂದ ಬಿಡಿಸಲಿಕ್ಕೆ’ ಎನ್ನುವವರಿದ್ದಾರೆ. ಅವರ ಕರುಣೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಖಾಲಿಯಾದ ಆ ಪೆಟ್ಟಿಗೆಯನ್ನು ಅಂಗಡಿಯವನು ಖಾಲಿ ಬಿಡುವುದಿಲ್ಲ. ನೀವು ಕೊಟ್ಟ ನೋಟು ಮದನಪಲ್ಲಿಯ ಕಡೆಗೇ ವಾಪಸು ಹೋಗಿ, ಇನ್ನೊಂದು ಮಳೆಗಾಲದಲ್ಲಿ ಇನ್ನೊಂದು ಗುಡ್ಡಕ್ಕೆ ಚೀಲ ಹಿಡಿದವರನ್ನು ಕಳಿಸುತ್ತದೆ. ಅಂಗಡಿಯಲ್ಲಿ ಕಂಡರೆ ಕೊಳ್ಳಬೇಡಿ, ದೂರು ಕೊಡಿ. ಆ ಆಮೆಗೂ ಅದರ ಹಿಂದಿರುವ ನೂರು ಆಮೆಗೂ ನೆರವಾಗುವ ದಾರಿ ಅದೊಂದೇ.

ಕಾನೂನು ಹೇಳುವುದನ್ನೂ ನೇರವಾಗಿ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಕ್ಷತ್ರ ಆಮೆಯನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. 2022ರ ತಿದ್ದುಪಡಿ ಅದನ್ನು ಮೊದಲನೆಯ ಅನುಸೂಚಿಗೆ, ಹುಲಿ ಆನೆಗಳ ಸಾಲಿಗೆ, ಏರಿಸಿದೆ. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಶಿಕ್ಷೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಸೆರೆಮನೆ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಆದರೂ ಸೆರೆಮನೆಯ ಹೆದರಿಕೆಯಿಂದ ನೀವು ಆಮೆಯನ್ನು ಬಿಟ್ಟುಕೊಡಬೇಕೆಂದು ನಾನು ಬಯಸುವುದಿಲ್ಲ. ಹೆದರಿದವನು ರಾತ್ರೋರಾತ್ರಿ ಆಮೆಯನ್ನು ಎಲ್ಲೋ ಬಿಸಾಡಿ ಬರುತ್ತಾನೆ. ಆಮೆಗೆ ನಿಮ್ಮ ಮನೆಯಲ್ಲಿ ಏನಾಗುತ್ತಿದೆ ಎಂದು ತಿಳಿದರೆ ಹೆದರಿಕೆಯ ಅಗತ್ಯವೇ ಬೀಳುವುದಿಲ್ಲ.

ಏನಾಗುತ್ತಿದೆ? ಚಿಪ್ಪಿನಿಂದಲೇ ಶುರುಮಾಡೋಣ. ಚಿಪ್ಪನ್ನು ಹೆಚ್ಚಿನವರು ಆಮೆ ಹೊತ್ತು ತಿರುಗುವ ಗುರಾಣಿ ಎಂದುಕೊಂಡಿದ್ದಾರೆ. ಅದು ಆಮೆಯ ಮೈಯೇ. ಪಕ್ಕೆಲುಬುಗಳೂ ಬೆನ್ನುಮೂಳೆಯೂ ಅಗಲವಾಗಿ ಹರಡಿ ಬೆಸೆದುಕೊಂಡು ಆದ ಮೂಳೆಯ ಗೂಡು. ಮೇಲೆ ಉಗುರಿನ ದ್ರವ್ಯವೇ ಆದ ಕೆರಾಟಿನ್‌ನ ತೆಳು ಹಲಗೆಗಳು. ಮೂಳೆಯಲ್ಲಿ ರಕ್ತ ಓಡುತ್ತದೆ, ನರಗಳಿವೆ. ಬೆರಳಿನಿಂದ ಮೆಲ್ಲಗೆ ಸವರಿದರೂ ಆಮೆಗೆ ತಿಳಿಯುತ್ತದೆ, ಒಡೆದರೆ ರಕ್ತ ಬರುತ್ತದೆ, ನೋಯುತ್ತದೆ. ಹಾಗಿರುವಾಗ ಅದರ ಮೇಲೆ ಬಣ್ಣ ಬಳಿಯುತ್ತೇವೆ, ಮಗುವಿನ ಹೆಸರು ಬರೆಯುತ್ತೇವೆ, ಹಬ್ಬಕ್ಕೆ ಅರಿಶಿನ ಕುಂಕುಮ ಮೆತ್ತುತ್ತೇವೆ, ಹೊಳೆಯಲೆಂದು ಎಣ್ಣೆ ತಿಕ್ಕುತ್ತೇವೆ, ಕಳೆದುಹೋಗದಿರಲೆಂದು ಅಂಚಿನಲ್ಲಿ ತೂತು ಕೊರೆದು ದಾರ ಕಟ್ಟುತ್ತೇವೆ! ತೂತು ಕೊರೆದದ್ದು ಜೀವಂತ ಮೂಳೆಗೆ. ಬಳಿದ ಬಣ್ಣ, ಎಣ್ಣೆ ಕೊಳೆಯನ್ನು ಹಿಡಿದಿಟ್ಟು ಬೂಷ್ಟಿಗೆ ಜಾಗ ಮಾಡುತ್ತವೆ.

ಚಿಪ್ಪು ಗಟ್ಟಿಯಾಗಲು ಸುಣ್ಣದಂಶ ಬೇಕು. ತಿಂದ ಸುಣ್ಣದಂಶ ಮೈಗೆ ಹತ್ತಲು ಡಿ3 ವಿಟಮಿನ್ ಬೇಕು. ಆಮೆಯ ಚರ್ಮ ಅದನ್ನು ಬಿಸಿಲಿನಲ್ಲಿರುವ ನೇರಳಾತೀತ ಬಿ ಕಿರಣದಿಂದ ತಯಾರಿಸಿಕೊಳ್ಳುತ್ತದೆ. ಈ ಕಿರಣ ಕಿಟಕಿಯ ಗಾಜನ್ನು ದಾಟಿ ಬರುವುದಿಲ್ಲ. ಹಾಲಿನಲ್ಲಿ ಬಿಸಿಲು ಬೀಳುವ ಜಾಗದಲ್ಲೇ ತೊಟ್ಟಿ ಇಟ್ಟಿದ್ದೇವೆ ಎಂದು ನೆಮ್ಮದಿಯಿಂದಿರುವವರು ಇದನ್ನು ದಯವಿಟ್ಟು ಗಮನಿಸಬೇಕು: ಗಾಜಿನ ಹಿಂದಿನ ಬೆಳಕು ಆಮೆಗೆ ಬೆಚ್ಚಗಿರುತ್ತದೆ, ಮೂಳೆಗೆ ಏನೂ ಕೊಡುವುದಿಲ್ಲ. ಅಲ್ಲೇ ವರ್ಷ ಕಳೆದ ಮರಿಯ ಮೂಳೆ ಮೆದುವಾಗುತ್ತದೆ. ಹೊಟ್ಟೆಯ ಕಡೆಯ ಚಿಪ್ಪು ಒತ್ತಿದರೆ ಬಗ್ಗುತ್ತದೆ, ದವಡೆ ಸೊಟ್ಟಗಾಗಿ ಎಲೆ ಕಚ್ಚಲಾಗುವುದಿಲ್ಲ, ಕಾಲಿಗೆ ತನ್ನ ಮೈಯನ್ನು ಎತ್ತಲಾಗದೆ ಹೊಟ್ಟೆಯೆಳೆದು ಹೋಗುತ್ತದೆ. ಮನೆಯವರು ಇದನ್ನು ಆಮೆಯ ನಿಧಾನ ಎಂದುಕೊಳ್ಳುತ್ತಾರೆ.

ಇನ್ನೊಂದಿದೆ. ನಕ್ಷತ್ರ ಆಮೆಯ ಬೆನ್ನಿನ ಹಲಗೆಗಳು ಹುಟ್ಟಾ ಸ್ವಲ್ಪ ಉಬ್ಬಿರುವುದುಂಟು. ಆದರೆ ಒಂದೊಂದೂ ಗೋಪುರದ ಹಾಗೆ ಚೂಪಾಗಿ ಎದ್ದಿದ್ದರೆ ಅದನ್ನು ಅಂದವೆಂದು ಫೋಟೊ ತೆಗೆಯಬೇಡಿ. ಎಳವೆಯಲ್ಲಿ ಮೈಗೆ ತೇವ ಸಾಲದೆ, ಮೇವಿನ ಬದಲು ಪುಷ್ಟಿಯ ಆಹಾರ ತಿಂದು ಬೇಗ ಬೇಗ ಬೆಳೆದಾಗ ಚಿಪ್ಪು ಹೀಗೆ ವಿಕಾರವಾಗುತ್ತದೆ. ಒಮ್ಮೆ ಹಾಗೆ ಬೆಳೆದದ್ದು ಮತ್ತೆ ಸಮನಾಗುವುದಿಲ್ಲ. ಚಿಪ್ಪಿನಲ್ಲಿ ಗುಳಿ, ಬಿಳಿ ಮಚ್ಚೆ, ಹಲಗೆ ಎದ್ದು ಕೆಳಗೆ ಮೆತ್ತಗಿರುವುದು, ಕೆಟ್ಟ ವಾಸನೆ ಕಂಡರೆ ಕೊಳೆತ ಶುರುವಾಗಿದೆ ಎಂದರ್ಥ. ಸದಾ ಒದ್ದೆಯಾಗಿರುವ, ತೊಳೆಯದ ಟಬ್ಬಿನಿಂದಲೇ ಹೆಚ್ಚಾಗಿ ಬರುವ ಕಾಯಿಲೆ ಇದು. ಅದು ಮೂಳೆಗೆ ಇಳಿದ ಮೇಲೆ ರಕ್ತಕ್ಕೆ ಸೇರಲು ತಡವಿಲ್ಲ.

ಊಟದ ವಿಷಯದಲ್ಲಿ ನಮ್ಮ ಪ್ರೀತಿ ಇನ್ನೂ ಹೆಚ್ಚು ಅಪಾಯಕಾರಿ. ಅನ್ನ ಮೊಸರು, ಬ್ರೆಡ್ಡು, ಹಾಲು, ಬಿಸ್ಕತ್ತು, ಬೇಯಿಸಿದ ಮೊಟ್ಟೆ, ನಾಯಿಬೆಕ್ಕಿನ ಪೊಟ್ಟಣದ ತಿಂಡಿ, ಮನೆಯವರು ತಿನ್ನುವುದನ್ನೆಲ್ಲ ಅದಕ್ಕೂ ಕೊಡುತ್ತೇವೆ. ನಾರಿನ ಹುಲ್ಲನ್ನು ನಿಧಾನವಾಗಿ ಹುದುಗಿಸಿ ಅರಗಿಸಲೆಂದು ಆದ ಕರುಳು ಅದರದು. ಹಿಟ್ಟು, ಸಕ್ಕರೆ, ಮಾಂಸದ ಸಾರ ಅದನ್ನು ಕೆಡಿಸುತ್ತವೆ. ಪ್ರೋಟೀನು ಹೆಚ್ಚಾದರೆ ಮೂತ್ರಪಿಂಡ ಸೋಲುತ್ತದೆ. ಪಾಲಕ್ ಸೊಪ್ಪನ್ನು ದಿನಾ ಹಾಕುವವರುಂಟು, ಅದರಲ್ಲಿನ ಆಕ್ಸಲೇಟು ಇದ್ದ ಸುಣ್ಣದಂಶವನ್ನೂ ಕಟ್ಟಿಹಾಕುತ್ತದೆ. ಸೌತೆಕಾಯಿ, ಟೊಮೆಟೊ ಬರೀ ನೀರು.

ಮನೆಯೆಂದರೆ ನಮಗೆ ನಯವಾದ ಟೈಲ್ಸು. ಆಮೆಯ ಕಾಲು ಅದರ ಮೇಲೆ ಜಾರಿ ಜಾರಿ ಕೀಲು ಹೊರಳುತ್ತದೆ. ವಿಜಯವಾಡದ ಮೇ ತಿಂಗಳಲ್ಲಿ ಪೊದೆಯಿಲ್ಲದ, ಮಣ್ಣಿಲ್ಲದ ಸಿಮೆಂಟಿನ ಬಾಲ್ಕನಿ ಹೇಗಿರುತ್ತದೆಂದು ಬರಿಗಾಲಿನಲ್ಲಿ ಒಮ್ಮೆ ನಿಂತು ನೋಡಿ. ಆಮೆಗೆ ಬೆವರುವ ಶಕ್ತಿಯಿಲ್ಲ, ನೆರಳಿಗೆ ಓಡುವುದೊಂದೇ ಉಪಾಯ, ಓಡಲು ನೆರಳಿಲ್ಲ. ಒಳಗೆ ಏಸಿ ಕೋಣೆಗೆ ತಂದರೆ ಮೈ ತಣ್ಣಗಾಗಿ ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ. ಒಣನೆಲದ ಈ ಪ್ರಾಣಿಯನ್ನು ವಿಶಾಖಪಟ್ಟಣಂನ ಕಡಲಗಾಳಿಯ ಜೌಗಿನಲ್ಲಿ ಒದ್ದೆ ನೆಲದ ಮೇಲೆ, ಒಣಗಿಕೊಳ್ಳಲು ಜಾಗವಿಲ್ಲದೆ ಇಟ್ಟರೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಮೂಗಿನಲ್ಲಿ ಗುಳ್ಳೆ ಬರುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ. ಅದಕ್ಕೆ ಕೆಮ್ಮಿ ಕಫ ಹೊರಹಾಕಲೂ ಆಗುವುದಿಲ್ಲ.

ಇಷ್ಟೆಲ್ಲ ಆಗುವಾಗ ಅದು ನಾಯಿಯಂತೆ ಕುಂಯ್‌ಗುಡುವುದಿಲ್ಲ, ಬೆಕ್ಕಿನಂತೆ ಮಡಿಲಿಗೆ ಬಂದು ಒರಗುವುದಿಲ್ಲ. ಕಾಯಿಲೆಯನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದು, ಹೊರಗೆ ಕಾಣುವ ಹೊತ್ತಿಗೆ ಬಹಳ ಸಲ ಕೈಮೀರಿರುತ್ತದೆ. ಆಮೆಗೆ ಎಷ್ಟು ನೋವಾಗುತ್ತಿದೆ ಎಂದು ನಮಗೆ ತಿಳಿಯದ ಕಾರಣಕ್ಕೇ ಅದನ್ನು ಸಾಕುವುದು ಸುಲಭ ಎಂಬ ಹೆಸರು ಬಂದಿದೆ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ?

ಭಕ್ತಿಯ ಮಾತನ್ನು ಬಿಡುವ ಹಾಗಿಲ್ಲ. ವಿಶಾಖಪಟ್ಟಣಂನಿಂದ ಉತ್ತರಕ್ಕೆ ಹೋದರೆ ಶ್ರೀಕಾಕುಳಂ ಬಳಿ ಶ್ರೀಕೂರ್ಮಂ ಇದೆ. ವಿಷ್ಣುವನ್ನು ಕೂರ್ಮರೂಪದಲ್ಲೇ ಪೂಜಿಸುವ ಅಪರೂಪದ ಕ್ಷೇತ್ರ. ಕನ್ನಡಿಗರಿಗೆ ಅದು ಹೊರಗಿನದಲ್ಲ. ಮಧ್ವಾಚಾರ್ಯರ ನೇರ ಶಿಷ್ಯ ನರಹರಿತೀರ್ಥರು ಕಳಿಂಗದಲ್ಲಿ ರಾಜಕಾರ್ಯ ನೋಡಿಕೊಂಡಿದ್ದವರು; ಅಲ್ಲಿ ಯೋಗಾನಂದ ನರಸಿಂಹನ ಗುಡಿ ಕಟ್ಟಿಸಿದ್ದನ್ನು ಹೇಳುವ 1281ರ ಅವರ ಶಾಸನ ಶ್ರೀಕೂರ್ಮಂನಲ್ಲಿ ಇಂದಿಗೂ ಇದೆ. ವಿಶಾಖಪಟ್ಟಣಂ ಪಕ್ಕದ ಸಿಂಹಾಚಲದಲ್ಲೂ ಅವರ ಶಾಸನವಿದೆ. ಕನ್ನಡದಲ್ಲಿ ದೇವರನಾಮ ಹಾಡಿದವರಲ್ಲಿ ಮೊದಲಿಗರೆಂದು ನಾವು ನೆನೆಯುವ ಆ ಯತಿ ನಡೆದಾಡಿದ ನೆಲವದು. ಶ್ರೀಕೂರ್ಮಂ ದೇವಾಲಯದ ಆವರಣದಲ್ಲಿ ನಕ್ಷತ್ರ ಆಮೆಗಳಿವೆ. ಅವನ್ನು ಕಂಡು ಕೈಮುಗಿದು ಬಂದವರಿಗೆ ತಮ್ಮ ಮನೆಯಲ್ಲೂ ಒಂದಿರಲಿ ಎನ್ನಿಸುವುದುಂಟು. ಮಂದರವನ್ನು ಬೆನ್ನ ಮೇಲೆ ಹೊತ್ತವನನ್ನು ನಂಬುವ ನಾವು, ಅವನ ರೂಪದ ಜೀವಿಯ ಬೆನ್ನಿಗೆ ತೂತು ಕೊರೆಯುವುದು ಹೇಗೆ? ಹರಕೆಯೆಂದು ಕಳ್ಳಮಾಲಿನ ಆಮೆಯನ್ನು ಕೊಂಡು ದೇವಸ್ಥಾನಕ್ಕೆ ಬಿಡುವುದೂ ಬೇಡ. ನಮ್ಮೂರಿನ ಎಷ್ಟೋ ಗುಡಿಗಳಲ್ಲಿ ಗರ್ಭಗುಡಿಯ ಮುಂದೆ ನೆಲದಲ್ಲಿ ಕಲ್ಲಿನ ಕೂರ್ಮವಿದೆ. ಪೂಜೆಗೆ ಅದು ಸಾಕು. ಮನೆಗೆ ಬೇಕೇ ಬೇಕೆಂದರೆ ಹಿತ್ತಾಳೆಯದು ಸಿಗುತ್ತದೆ.

ಇಷ್ಟು ಓದಿ ಮನಸ್ಸು ಕರಗಿದವರು ಮೊದಲು ಮಾಡಹೋಗುವ ತಪ್ಪೊಂದಿದೆ, ಅದನ್ನು ಈಗಲೇ ತಡೆಯಬೇಕು. ಆಮೆಯನ್ನು ಕೃಷ್ಣೆಗೆ ಬಿಡಬೇಡಿ. ಪ್ರಕಾಶಂ ಬ್ಯಾರೇಜಿನ ಹಿಂದಿನ ನೀರಿಗಾಗಲಿ, ಮೇಘಾದ್ರಿಗೆಡ್ಡ, ಮುಡಸರ್ಲೋವ ಜಲಾಶಯಗಳಿಗಾಗಲಿ, ಅಪಾರ್ಟ್‌ಮೆಂಟಿನ ಕೊಳಕ್ಕಾಗಲಿ ಬಿಡಬೇಡಿ. ನಕ್ಷತ್ರ ಆಮೆ ನೆಲದ ಪ್ರಾಣಿ. ಅದಕ್ಕೆ ಈಜಲು ಬರುವುದಿಲ್ಲ, ಮುಳುಗಿ ಸಾಯುತ್ತದೆ. ಹತ್ತಿರದ ಗುಡ್ಡಕ್ಕೆ ಬಿಡುವುದೂ ಸಲ್ಲದು. ವರ್ಷಗಟ್ಟಲೆ ತಟ್ಟೆಯಲ್ಲಿ ತಿಂದದ್ದಕ್ಕೆ ಮೇವು ಹುಡುಕುವುದು ಮರೆತಿರುತ್ತದೆ, ಮನೆಯಿಂದ ಹೊತ್ತ ಸೋಂಕನ್ನು ಕಾಡಿನವುಗಳಿಗೆ ಹಚ್ಚುತ್ತದೆ. ಪಶ್ಚಿಮದ ಗುಜರಾತು ಕಡೆಯ ಆಮೆಗಳಿಗೂ ದಕ್ಷಿಣದವಕ್ಕೂ ವಂಶವಾಹಿಯಲ್ಲೇ ವ್ಯತ್ಯಾಸವಿದೆ, ಎಲ್ಲಿಯದನ್ನೋ ತಂದು ಎಲ್ಲೋ ಸೇರಿಸಿದರೆ ಆ ವ್ಯತ್ಯಾಸ ಅಳಿಸಿಹೋಗುತ್ತದೆ.

ಕೆಂಪುಕಿವಿಯ ಪುಟ್ಟ ಹಸಿರಾಮೆಗೂ ಇದೇ ಮಾತು. ಅಕ್ವೇರಿಯಂ ಅಂಗಡಿಗಳಲ್ಲಿ ಬಿಲ್ಲೆಯಷ್ಟೇ ಚಿಕ್ಕದಾಗಿ ಕಾಣುವ ಅದು ಅಮೆರಿಕದ ಮಿಸಿಸಿಪ್ಪಿ ಕಣಿವೆಯದು. ಕೆಲವೇ ವರ್ಷಗಳಲ್ಲಿ ಊಟದ ತಟ್ಟೆಯಗಲ ಬೆಳೆದು, ತೊಟ್ಟಿಯಲ್ಲಿ ಹಿಡಿಸದೆ, ನದಿಗೆ ಬೀಳುತ್ತದೆ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಆಲಮಟ್ಟಿಯಲ್ಲಿ ನಾವು ಕಾಣುವ ಕೃಷ್ಣೆಯೇ ಅಲ್ಲವೇ ವಿಜಯವಾಡದಲ್ಲಿ ಹರಿಯುವುದು? ಆ ನದಿಯ ಸ್ವಂತ ಮಕ್ಕಳಾದ ಮೃದುಚಿಪ್ಪಿನ ಆಮೆಗಳು ಈಗಾಗಲೇ ಅಳಿವಿನ ಅಂಚಿನಲ್ಲಿವೆ. ಅವುಗಳ ಮೇವಿಗೂ ಬಿಸಿಲು ಕಾಯುವ ಬಂಡೆಗೂ ಹೊಸ ಪೈಪೋಟಿ ತಂದಿಡಬೇಡಿ. ಚಿಕ್ಕ ಮಕ್ಕಳಿರುವ ಮನೆಯವರು ಇದನ್ನೂ ತಿಳಿದಿರಲಿ: ಪುಟ್ಟ ಆಮೆಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ಹರಡುತ್ತಿದ್ದುದರಿಂದಲೇ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿತು.

ಹಿಂದಿರುಗಿಸುವುದು ಸಾಧ್ಯವೇ ಎಂದು ಕೇಳಿದರೆ, ಸಾಧ್ಯ. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಬಂದವು. ಸಿಂಗಪುರದಲ್ಲಿ ಅಕ್ರಮವಾಗಿ ಸಾಕಲಾಗಿದ್ದ ಅವನ್ನು ಅಲ್ಲಿನ ಪ್ರಾಣಿ ರಕ್ಷಣಾ ಸಂಸ್ಥೆ ಏಕರ್ಸ್ ತನ್ನಲ್ಲಿಟ್ಟು ಪೋಷಿಸಿತ್ತು. ನಮ್ಮ ದೇಶದ ವನ್ಯಜೀವಿ ರಕ್ಷಣಾ ಸಂಸ್ಥೆ ವೈಲ್ಡ್‌ಲೈಫ್ ಎಸ್‌ಒಎಸ್ ಮತ್ತು ಕರ್ನಾಟಕ ಅರಣ್ಯ ಇಲಾಖೆ ಕೈಜೋಡಿಸಿ ಅವನ್ನು ಕಾಡಿಗೆ ಮರಳಿಸುವ ಕೆಲಸಕ್ಕೆ ತೊಡಗಿದವು. ಕಡಲಾಚೆಯ ಜನ ನಮ್ಮ ಗುಡ್ಡದ ಆಮೆಗೆ ಇಷ್ಟು ಮಾಡಬಹುದಾದರೆ ವಿಶಾಖಪಟ್ಟಣಂನಿಂದ ನಾವು ಮಾಡಲಾಗದೇ? ಅದೇ ಊರಿನ ಕಡಲದಂಡೆಯಲ್ಲಿ ಪ್ರತಿ ವರ್ಷ ಚಳಿ ಇಳಿಯುವ ಹೊತ್ತಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಅರಣ್ಯ ಇಲಾಖೆಯವರೂ ಸ್ವಯಂಸೇವಕರೂ ಮೊಟ್ಟೆಗಳನ್ನು ಕಾಪಾಡಿ ಮರಿಗಳನ್ನು ಅಲೆಗೆ ಬಿಡುವುದನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುವ ತಂದೆತಾಯಿಗಳಿದ್ದಾರೆ. ಆ ಮಗು ಮನೆಗೆ ಬಂದು ಬಾಲ್ಕನಿಯ ಟಬ್ಬನ್ನು ನೋಡಿ ಏನು ಕೇಳಬೇಕು?

ಗಡಿಸೀಮೆಯ ಅಣ್ಣತಮ್ಮಂದಿರಿಗೂ ಒಂದು ಮಾತು. ಹೊಲದ ಬದುವಿನಲ್ಲಿ ಕಂಡ ಆಮೆಗೆ ದಲ್ಲಾಳಿ ಕೊಡುವ ಪುಡಿಗಾಸು ಬರಗಾಲದ ವರ್ಷದಲ್ಲಿ ದೊಡ್ಡದೇ ಎಂದು ಬಲ್ಲೆ. ಆದರೆ ಲಾಭವೆಲ್ಲ ನಗರದಲ್ಲಿ ಕೂತವನದು, ಪೊಲೀಸರು ಬಂದಾಗ ಮೊದಲು ಸಿಕ್ಕಿಬೀಳುವವರು ನೀವು. ಅರಣ್ಯ ಇಲಾಖೆಗಳಿಗೆ ನನ್ನ ಬೇಡಿಕೆಯೂ ಇದೇ: ಚೀಲ ಹೊತ್ತವರನ್ನಷ್ಟೇ ಹಿಡಿದು ಫೋಟೊ ತೆಗೆಸಿಕೊಳ್ಳಬೇಡಿ, ಚೀಲ ತರಿಸಿದವರ ಮನೆ ಬಾಗಿಲಿಗೆ ಹೋಗಿ. ಊರಿನ ಹುಡುಗರನ್ನು ಗುಡ್ಡದ ಕಾವಲಿಗೆ ಕೂಲಿ ಕೊಟ್ಟು ನೇಮಿಸಿ. ಆಮೆ ಎಲ್ಲಿ ಹೊರಬರುತ್ತದೆ, ಯಾವ ಮಳೆಗೆ ಹೊರಬರುತ್ತದೆ ಎಂದು ಅವರಷ್ಟು ಬಲ್ಲವರು ಯಾರೂ ಇಲ್ಲ.

ಈಗ ಆಮೆ ಇರುವ ಮನೆಯವರು ಮಾಡಬೇಕಾದ್ದು. ಕಾನೂನಿನ ಪ್ರಕಾರ ವನ್ಯಜೀವಿ ಸರ್ಕಾರದ ಸ್ವತ್ತು. ಕೈಗೆ ಬಂದ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ವರ್ಷಗಳಿಂದ ಇಟ್ಟುಕೊಂಡವರಿಗೆ ಅಳುಕಿರುವುದು ಸಹಜ. ತಾನಾಗಿ ಒಪ್ಪಿಸಿದವರ ಮೇಲೆ ಕೇಸು ಆಗುವುದೇ ಇಲ್ಲವೆಂದು ನಾನು ಆಶ್ವಾಸನೆ ಕೊಡಲಾರೆ. ಬೇಕಿದ್ದರೆ ವಕೀಲರೊಬ್ಬರನ್ನೋ, ಊರಿನ ಪ್ರಾಣಿ ರಕ್ಷಣೆಯ ಸಂಘದವರನ್ನೋ ಜೊತೆಗೆ ಕರೆದುಕೊಂಡು ಹೋಗಿ. ಅಧಿಕಾರಿಗಳು ಮನೆಗೆ ಬಂದು ಹಿಡಿಯುವುದಕ್ಕೂ ನೀವೇ ಹೋಗಿ ಒಪ್ಪಿಸುವುದಕ್ಕೂ ಇರುವ ಅಂತರ ಯಾರಿಗೂ ಅರ್ಥವಾಗುವಂಥದ್ದು.

ಒಪ್ಪಿಸುವವರೆಗಿನ ದಿನಗಳಲ್ಲಿ ಟಬ್ಬಿನ ನೀರು ಚೆಲ್ಲಿಬಿಡಿ. ನೆಲಕ್ಕೆ ಒಣ ಮಣ್ಣು, ಒಣಹುಲ್ಲು ಹಾಸಿ. ಬೆಳಗಿನ ಎಳೆಬಿಸಿಲು ನೇರವಾಗಿ, ಗಾಜಿಲ್ಲದೆ, ಬೀಳಲಿ. ಪಕ್ಕದಲ್ಲೇ ನೆರಳಿಗೆ ಬೋರಲು ಹಾಕಿದ ಮಣ್ಣಿನ ಕುಂಡದ ಅರ್ಧವೋ, ರಟ್ಟಿನ ಪೆಟ್ಟಿಗೆಯೋ ಇರಲಿ. ಗರಿಕೆ, ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ ಮತ್ತು ಹೂವು, ಔಷಧಿ ಹೊಡೆಯದ್ದು, ಮೇಯಲು ಕೊಡಿ. ಹಕ್ಕಿಯ ಪಂಜರದಲ್ಲಿ ಸಿಕ್ಕಿಸುವ ಬಿಳಿ ಕಟಲ್‌ಬೋನ್ ಒಂದು ತುಂಡು ಇಟ್ಟರೆ ಸುಣ್ಣದಂಶಕ್ಕೆ ತಾನೇ ಕಚ್ಚಿಕೊಳ್ಳುತ್ತದೆ. ಗಲ್ಲ ಮುಳುಗದಷ್ಟು ಉಗುರುಬೆಚ್ಚನೆಯ ನೀರಿನಲ್ಲಿ, ನೀವು ಎದುರಿಗೇ ಕೂತು, ಸ್ವಲ್ಪ ಹೊತ್ತು ನಿಲ್ಲಿಸಿದರೆ ಕುಡಿಯುತ್ತದೆ. ಆಮೇಲೆ ಒರೆಸಿ ಒಣಗಿಸಿ. ಚಿಪ್ಪಿಗೆ ಏನನ್ನೂ ಹಚ್ಚಬೇಡಿ, ಹಚ್ಚಿದ ಬಣ್ಣವನ್ನು ಕೆರೆಯಬೇಡಿ, ಅದನ್ನು ಪಶುವೈದ್ಯರಿಗೆ ಬಿಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈತೊಳೆಯಿರಿ, ಮಕ್ಕಳ ಕೈಯನ್ನೂ ತೊಳೆಸಿ.

ಸಾಗಿಸುವ ಹೊತ್ತಿಗೆ ಗಾಳಿಯ ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಟವೆಲ್ಲು ಹಾಸಿ, ಒಂದು ಪೆಟ್ಟಿಗೆಗೆ ಒಂದೇ ಆಮೆ, ಬಿಸಿಲಿಗೆ ನಿಂತ ಕಾರಿನೊಳಗೆ ಬಿಟ್ಟುಹೋಗದೆ ನೇರವಾಗಿ ವಿಭಾಗೀಯ ಅರಣ್ಯಾಧಿಕಾರಿ ಕಚೇರಿಗೆ ಒಯ್ಯಿರಿ. ಮೊದಲೇ ಫೋನು ಮಾಡಿ ತಿಳಿಸಿರಿ. ವಿಶಾಖಪಟ್ಟಣಂನಲ್ಲಿ 1977ರಿಂದ ಇರುವ ಇಂದಿರಾ ಗಾಂಧಿ ಮೃಗಾಲಯದ ದಾರಿಯನ್ನೂ ಅವರೇ ತೋರಿಸುತ್ತಾರೆ. ಎಲ್ಲಿಂದ ಬಂತು, ಎಷ್ಟು ವರ್ಷ ಇತ್ತು, ಏನು ತಿನ್ನುತ್ತಿತ್ತು ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ, ವೈದ್ಯರಿಗೆ ಬೇಕಾಗುತ್ತದೆ. ಒಪ್ಪಿಸಿದ್ದಕ್ಕೆ ರಶೀದಿ ಕೇಳಿ ಪಡೆಯಿರಿ. ರೈಲಿನಲ್ಲಿ ಅನುಮಾನದ ಚೀಲ ಕಂಡರೆ 139ಕ್ಕೆ ಕರೆ ಮಾಡಿ, ಬೋಗಿಯ ಸಂಖ್ಯೆ ಹೇಳಿ. ಕನ್ನಡ ಸಂಘಗಳು ಈ ರಾಜ್ಯೋತ್ಸವಕ್ಕೆ ಸೇರುವಾಗ ಹತ್ತು ನಿಮಿಷ ಇದಕ್ಕೆಂದು ತೆಗೆದಿಡಲಿ, ಯಾರ ಮನೆಯಲ್ಲಿದೆಯೋ ಅವರನ್ನು ಬೈಯದೆ, ಜೊತೆಯಲ್ಲಿ ಒಬ್ಬರು ಕಚೇರಿಯವರೆಗೆ ಹೋಗಿಬರಲಿ.